ಅಧ್ಯಕ್ಷರಿಲ್ಲದ ಸಭೆ: ಬಾರ್‌ಕ್ಯಾಂಪ್‌ನಲ್ಲಿ ಒಬ್ಬ ಲೆಕ್ಕ ಪರಿಶೋಧಕ

ವಾಣಿಜ್ಯ ವಿಷಯಗಳ ವಿಚಾರ ಸಂಕಿರಣವೊಂದು ಹೇಗೆ ನಡೆಯುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹತ್ತು ಗಂಟೆಗೆಂದು ಆಮಂತ್ರಣ ಪತ್ರಿಕೆಯಲ್ಲಿ ಮುದ್ರಿತವಾದ ಸಭೆ ಹನ್ನೊಂದಕ್ಕೆ ಆರಂಭವಾಗುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆ, ಪ್ರಾಸ್ತಾವಿಕ ನುಡಿ, ಉದ್ಘಾಟನಾ ಭಾಷಣ, ಅಧ್ಯಕ್ಷೀಯ ಭಾಷಣ ಇವೆಲ್ಲ ಮುಗಿದು ವಿಷಯ ತಜ್ಞರು ಮಾತನಾಡಲು ಎದ್ದಾಗ ಊಟದ ಪರಿಮಳ ಸಭಾಂಗಣವನ್ನು ತಲುಪಿರುತ್ತದೆ. ಪ್ರಶ್ನೋತ್ತರಕ್ಕೆಂದು ಇಟ್ಟ ಅರ್ಧ ಗಂಟೆ ಐದು ನಿಮಿಷಕ್ಕೆ ಇಳಿದಿರುತ್ತದೆ. ಹಾಗೆಂದು ಅಂಥ ಸಭೆಗಳಿಂದ ಬರಿಗೈಯಲ್ಲಿ ಮರಳಿದೆನೆಂದು ನಾನು ಹೇಳಲಾರೆ. ಇಪ್ಪತ್ತೆಂಟು ವರ್ಷಗಳ ವೃತ್ತಿಜೀವನದಲ್ಲಿ ಎಷ್ಟೋ ಉಪಯುಕ್ತ ಸಂಗತಿಗಳು ನನಗೆ ಅಲ್ಲಿಯೇ ದೊರೆತಿವೆ. ಆದರೆ ಅವು ದೊರೆತದ್ದು ವೇದಿಕೆಯಿಂದಲ್ಲ. ಚಹಾದ ಮೇಜಿನ ಬಳಿ, ಬಸಿಯಲ್ಲಿ ಬಿಸ್ಕತ್ತು ಹಿಡಿದು ನಿಂತಿದ್ದ ಇನ್ನೊಬ್ಬ ಲೆಕ್ಕ ಪರಿಶೋಧಕರಿಂದಲೋ ವ್ಯಾಪಾರಿಯಿಂದಲೋ.

ಇದೇ ಅನುಭವ ಅಮೆರಿಕದ ಹ್ಯಾರಿಸನ್ ಓವೆನ್ ಎಂಬ ಸಲಹೆಗಾರರಿಗೂ ಆಗಿತ್ತು. 1983ರಲ್ಲಿ ಅವರು ಒಂದು ವರ್ಷ ಶ್ರಮಪಟ್ಟು ದೊಡ್ಡ ಸಮ್ಮೇಳನವೊಂದನ್ನು ಏರ್ಪಡಿಸಿದರು. ಎಲ್ಲವೂ ಸುಸೂತ್ರವಾಗಿ ನಡೆಯಿತು. ಕೊನೆಗೆ ವಿಚಾರಿಸಿ ನೋಡಿದರೆ, ಬಂದವರೆಲ್ಲರಿಗೂ ಹೆಚ್ಚು ಪ್ರಯೋಜನವಾದದ್ದು ಕಾಫಿಯ ವಿರಾಮದಲ್ಲಿ ನಡೆದ ಮಾತುಕತೆಯಿಂದ. ಆ ಒಂದು ಭಾಗವನ್ನಂತೂ ಅವರು ಏರ್ಪಡಿಸಿರಲಿಲ್ಲ. ಹಾಗಾದರೆ ಇಡೀ ಸಮ್ಮೇಳನವನ್ನೇ ಕಾಫಿಯ ವಿರಾಮದಂತೆ ನಡೆಸಬಾರದೇಕೆ ಎಂದು ಯೋಚಿಸಿ, 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅದನ್ನು ಪ್ರಯೋಗಿಸಿದರು. ಮುಂಚಿತವಾಗಿ ನಿಗದಿಪಡಿಸಿದ ಕಾರ್ಯಸೂಚಿ ಇಲ್ಲ. ಎಲ್ಲರೂ ವರ್ತುಲಾಕಾರವಾಗಿ ಕುಳಿತುಕೊಳ್ಳುವುದು. ಮಾತನಾಡಲು ವಿಷಯವಿದ್ದವರು ಎದ್ದು ಅದನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸುವುದು. ಬೇಕಾದವರು ಬೇಕಾದಲ್ಲಿ ಸೇರುವುದು. ಬಂದವರೇ ಬರತಕ್ಕವರು, ಆರಂಭವಾದ ಹೊತ್ತೇ ಸರಿಯಾದ ಹೊತ್ತು ಎಂಬಂಥ ಕೆಲವು ಸೂತ್ರಗಳನ್ನು ಅವರು ಹಾಕಿಕೊಟ್ಟರು. ಎಲ್ಲಕ್ಕೂ ಮುಖ್ಯವಾದದ್ದು ‘ಎರಡು ಕಾಲುಗಳ ನಿಯಮ’: ಕುಳಿತ ಜಾಗದಲ್ಲಿ ಕಲಿಯುತ್ತಲೂ ಇಲ್ಲ, ಕಲಿಸುತ್ತಲೂ ಇಲ್ಲ ಎಂದು ತೋರಿದರೆ ಎದ್ದು ಬೇರೆ ಕಡೆಗೆ ಹೋಗುವುದು. ಅದು ಅಲ್ಲಿ ಅಗೌರವವಲ್ಲ.

ತಂತ್ರಾಂಶ ಕ್ಷೇತ್ರದವರು ಈ ಪದ್ಧತಿಯನ್ನು ಬಲುಬೇಗ ತಮ್ಮದಾಗಿಸಿಕೊಂಡರು. ಟಿಮ್ ಓ’ರೈಲಿಯವರ ಪ್ರಕಾಶನ ಸಂಸ್ಥೆಯು 2003ರಿಂದ ಕ್ಯಾಲಿಫೋರ್ನಿಯಾದ ಸೆಬಾಸ್ಟಪೋಲ್‌ನಲ್ಲಿ ‘ಫೂ ಕ್ಯಾಂಪ್’ ಎಂಬ ಕೂಟವನ್ನು ನಡೆಸತೊಡಗಿತು. ಅಲ್ಲಿಗೆ ಆಹ್ವಾನಿತರಿಗೆ ಮಾತ್ರ ಪ್ರವೇಶ. ಆಹ್ವಾನದ ಹಂಗಿಲ್ಲದೆ ಯಾರು ಬೇಕಾದರೂ ಬರಬಹುದಾದ ಕೂಟವೊಂದು ಇರಲೆಂದು ಕೆಲವು ತರುಣರು 2005ರ ಆಗಸ್ಟ್ 19ರಿಂದ 21ರವರೆಗೆ ಪಾಲೋ ಆಲ್ಟೋದಲ್ಲಿದ್ದ ‘ಸೋಷಿಯಲ್‌ಟೆಕ್ಸ್ಟ್’ ಕಂಪನಿಯ ಕಚೇರಿಯಲ್ಲಿ ಸೇರಿದರು. ಯೋಚನೆ ಹೊಳೆದದ್ದಕ್ಕೂ ಸಭೆ ಸೇರಿದ್ದಕ್ಕೂ ಒಂದು ವಾರದ ಅಂತರವೂ ಇರಲಿಲ್ಲವಂತೆ. ಸುಮಾರು 200 ಜನ ಬಂದರು. ಇದೇ ಮೊದಲ ‘ಬಾರ್‌ಕ್ಯಾಂಪ್’. ಇಲ್ಲಿಯ ‘ಬಾರ್’ ಎಂಬುದಕ್ಕೂ ಮದ್ಯಕ್ಕೂ ಸಂಬಂಧವಿಲ್ಲ. ನಮ್ಮ ಲೆಕ್ಕಶಾಸ್ತ್ರದ ಪುಸ್ತಕಗಳಲ್ಲಿ ‘ಅ’ ಮತ್ತು ‘ಬ’ ಎಂಬ ಇಬ್ಬರು ಪಾಲುದಾರರು ಯಾವಾಗಲೂ ಇರುವಂತೆ, ತಂತ್ರಾಂಶ ಬರೆಯುವವರ ಉದಾಹರಣೆಗಳಲ್ಲಿ ‘ಫೂ’ ಮತ್ತು ‘ಬಾರ್’ ಎಂಬ ಎರಡು ಹುಸಿ ಹೆಸರುಗಳು ಇರುತ್ತವೆ. ಆ ಫೂಗೆ ಈ ಬಾರ್ ಜೋಡಿ, ಅಷ್ಟೆ. 2006ರ ವೇಳೆಗೆ ಈ ಕೂಟಗಳು ದೆಹಲಿ, ಚೆನ್ನೈ, ಬೆಂಗಳೂರುಗಳಿಗೂ ಬಂದವು. ಬೆಂಗಳೂರಿನಲ್ಲಿ ಕೆಲವು ಸಲ ಐಐಎಂ ಪ್ರಾಂಗಣದಲ್ಲಿ, ಮುಂದಿನ ವರ್ಷಗಳಲ್ಲಿ ವೈಟ್‌ಫೀಲ್ಡ್‌ನ ಎಸ್‌ಎಪಿ ಲ್ಯಾಬ್ಸ್‌ನಲ್ಲಿ ಅವು ಜರುಗಿದವು. ನಾನು ಹೋದದ್ದು ಈ ಎರಡನೆಯ ಜಾಗಕ್ಕೆ, 2014ರಲ್ಲಿ.

ವೈಟ್‌ಫೀಲ್ಡ್‌ನ ಆ ಶನಿವಾರ

ಕರೆದವನು ನನ್ನ ಸೋದರಳಿಯ. ಬೆಂಗಳೂರಿನ ತಂತ್ರಾಂಶ ಕಂಪನಿಯೊಂದರಲ್ಲಿ ಅವನಿಗೆ ಉದ್ಯೋಗ. ಹುಬ್ಬಳ್ಳಿಗೆ ಬಂದಾಗಲೆಲ್ಲ ನನ್ನ ಕಚೇರಿಯ ಗಣಕಯಂತ್ರಗಳನ್ನು ಕಂಡು ಮರುಕಪಡುವುದು ಅವನ ರೂಢಿ. ‘ಮಾಮಾ, ಒಮ್ಮೆ ಬಂದು ನೋಡ್ರಿ. ಅಲ್ಲಿ ಯಾರೂ ಭಾಷಣ ಬಿಗಿಯೂದಿಲ್ಲ. ನಿಮಗ ಬ್ಯಾಸರಾದ್ರ ಎದ್ದು ಹೊರಗ ಬರ್ರಿ, ಯಾರೂ ಏನೂ ಅನ್ನೂದಿಲ್ಲ’ ಎಂದ. ಪ್ರವೇಶ ಶುಲ್ಕವಿಲ್ಲ, ಮಧ್ಯಾಹ್ನದ ಊಟವೂ ಉಂಟು ಎಂದು ತಿಳಿದ ಮೇಲೆ ಲೆಕ್ಕ ಪರಿಶೋಧಕನಿಗೆ ನಿರಾಕರಿಸಲು ಕಾರಣ ಉಳಿಯಲಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಳಿಗ್ಗೆ ಬೆಂಗಳೂರು ತಲುಪಿ, ಮೆಜೆಸ್ಟಿಕ್‌ನಿಂದ ವೋಲ್ವೊ ಬಸ್ಸು ಹಿಡಿದೆ. ಆಗಿನ್ನೂ ವೈಟ್‌ಫೀಲ್ಡ್‌ಗೆ ಮೆಟ್ರೊ ಇರಲಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದದ್ದಕ್ಕಿಂತ ಮೆಜೆಸ್ಟಿಕ್‌ನಿಂದ ಅಲ್ಲಿಗೆ ತಲುಪಿದ್ದೇ ದೂರವೆನಿಸಿತು.

ಬಾಗಿಲಿನ ಬಳಿ ಒಂದು ಮೇಜು, ಕೆಲವು ಸ್ಕೆಚ್ ಪೆನ್ನುಗಳು, ಅಂಗಿಗೆ ಅಂಟಿಸಿಕೊಳ್ಳುವ ಚೀಟಿಗಳು. ಹೆಸರನ್ನು ಅವರವರೇ ಬರೆದುಕೊಳ್ಳಬೇಕು. ನಾನು ಅಭ್ಯಾಸಬಲದಿಂದ ಹೆಸರಿನ ಹಿಂದೆ ‘ಸಿಎ’ ಎಂದು ಬರೆದೆ. ಸುತ್ತಲೂ ನೋಡಿದರೆ ಯಾರ ಅಂಗಿಯ ಮೇಲೂ ಹುದ್ದೆಯಾಗಲಿ ಪದವಿಯಾಗಲಿ ಇರಲಿಲ್ಲ. ಮೇಜಿನ ಬಳಿ ಇದ್ದ ತರುಣಿ, ‘ಸರ್, ನೀವು ಯಾವ ವಿಷಯದ ಮೇಲೆ ಮಾತಾಡ್ತೀರಿ?’ ಎಂದು ಕೇಳಿದರು. ನಾನು ಕೇವಲ ಕೇಳಲು ಬಂದವನು ಎಂದೆ. ಮೊದಲ ಸಲ ಬಂದವರು ಏನಾದರೂ ಹೇಳಬೇಕೆಂಬುದು ಬಾರ್‌ಕ್ಯಾಂಪ್‌ನ ಹಳೆಯ ರೂಢಿ ಎಂದು ಅವರು ನಗುತ್ತಲೇ ತಿಳಿಸಿದರು. ಕಡ್ಡಾಯವೇನೂ ಇರಲಿಲ್ಲ. ಆದರೆ ಊಟ ಮಾಡಿ, ಕೇಳಿ, ಏನನ್ನೂ ಕೊಡದೆ ಹೊರಡುವುದು ಸಾಲ ಉಳಿಸಿಕೊಂಡಂತೆ ಎಂಬ ಭಾವನೆ ನನ್ನಲ್ಲಿ ಮೂಡಿತು.

ಒಳಗೆ ಗೋಡೆಯ ಮೇಲೆ ದೊಡ್ಡದೊಂದು ಕೋಷ್ಟಕ. ಅಡ್ಡಸಾಲಿನಲ್ಲಿ ಕೊಠಡಿಗಳು, ಉದ್ದಸಾಲಿನಲ್ಲಿ ವೇಳೆ. ಕೀರ್ದಿ ಪುಸ್ತಕದ ಹಾಳೆಯನ್ನೇ ದೊಡ್ಡದು ಮಾಡಿ ಅಂಟಿಸಿದಂತಿತ್ತು. ಮನೆಗಳು ಒಂದೊಂದಾಗಿ ತುಂಬುತ್ತಿದ್ದವು. ಮೊಬೈಲ್ ತಂತ್ರಾಂಶದ ಪಕ್ಕದಲ್ಲಿ ಸೈಕಲ್ ಪ್ರವಾಸ, ಅದರ ಪಕ್ಕದಲ್ಲಿ ಛಾಯಾಚಿತ್ರಣ. ಇದನ್ನೆಲ್ಲ ಸೋಸಿ ತೂಗುವ ಸಮಿತಿ ಇಲ್ಲವೇ ಎಂದು ಸೋದರಳಿಯನನ್ನು ಕೇಳಿದೆ. ‘ಸಮಿತಿ ಅಂದ್ರ ಕೇಳೋರ ಕಾಲು, ಮಾಮಾ’ ಎಂದ.

ಅದರ ಅರ್ಥ ಮೊದಲ ಗೋಷ್ಠಿಯಲ್ಲಿಯೇ ತಿಳಿಯಿತು. ನನಗೆ ಒಂದಕ್ಷರವೂ ಅರ್ಥವಾಗದ ವಿಷಯವದು. ನಾಲ್ಕನೆಯ ನಿಮಿಷಕ್ಕೆ ಇಬ್ಬರು ಎದ್ದು ಹೋದರು, ಆರನೆಯ ನಿಮಿಷಕ್ಕೆ ಮೂವರು ಬಂದರು. ಮಾತನಾಡುತ್ತಿದ್ದ ಯುವಕನ ಮುಖದಲ್ಲಿ ಬೇಸರದ ಗೆರೆಯೊಂದೂ ಕಾಣಲಿಲ್ಲ. ಮದುವೆಯ ಪಂಕ್ತಿಯಿಂದ ನಡುವೆಯೇ ಎದ್ದವನಂತೆ ತಲೆ ತಗ್ಗಿಸಿಕೊಂಡು ನಾನೂ ಹೊರಬಂದೆ. ಇನ್ನೊಂದು ಕೊಠಡಿಯಲ್ಲಿ ಒಬ್ಬರು ಉಪನ್ಯಾಸದ ನೆಪದಲ್ಲಿ ತಮ್ಮ ಕಂಪನಿಯ ಸರಕನ್ನು ಮಾರಲು ಹೊರಟಿದ್ದರು. ಹತ್ತು ನಿಮಿಷದಲ್ಲಿ ಅಲ್ಲಿ ಉಳಿದವರು ಅವರು ಮತ್ತು ಅವರ ಸಹಾಯಕ ಮಾತ್ರ. ನಮ್ಮ ಸಭೆಗಳಲ್ಲಾದರೆ ಸೌಜನ್ಯಕ್ಕೆ ಕಟ್ಟುಬಿದ್ದು ನಾವು ಪೂರ್ತಿ ಕೇಳಿ, ಕೊನೆಗೆ ಒಂದು ಕ್ಯಾಟಲಾಗನ್ನೂ ಮನೆಗೆ ಹೊತ್ತು ತರುತ್ತಿದ್ದೆವು.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಗೋಷ್ಠಿಗಳು ಬಹುತೇಕ ಇಂಗ್ಲಿಷಿನಲ್ಲಿದ್ದವು. ಪೀಣ್ಯದಿಂದ ಮಗನ ಜೊತೆಗೆ ಬಂದಿದ್ದ ಸಣ್ಣ ಕಾರ್ಖಾನೆಯ ಮಾಲೀಕರೊಬ್ಬರು ಅರ್ಧ ದಿನ ಮಾತನಾಡದೆ ಕುಳಿತಿದ್ದರು. ಯಂತ್ರಗಳ ವಿಷಯದಲ್ಲಿ ಅಲ್ಲಿದ್ದವರಿಗಿಂತ ಹೆಚ್ಚು ತಿಳಿದವರು ಅವರೇ ಇದ್ದಿರಬೇಕು.

ಅಮಾವಾಸ್ಯೆ ಯಾವ ಮನೆಗೆ?

ಮಧ್ಯಾಹ್ನದ ನಂತರದ ಖಾಲಿ ಮನೆಯೊಂದರಲ್ಲಿ ನಾನೂ ಒಂದು ಚೀಟಿ ಅಂಟಿಸಿದೆ: ‘ವ್ಯಾಪಾರಿಯ ಬಿಲ್ಲಿನಲ್ಲಿ ತಂತ್ರಾಂಶಕ್ಕೆ ಅರ್ಥವಾಗದ ಸಾಲುಗಳು’. ಹನ್ನೊಂದು ಜನ ಬಂದರು. ಕನ್ನಡ, ಇಂಗ್ಲಿಷ್ ಬೆರೆಸಿ ಮಾತನಾಡಿದೆ. ಪೀಣ್ಯದ ಮಾಲೀಕರು ಮುಂದಿನ ಸಾಲಿಗೆ ಬಂದು ಕುಳಿತರು. ಹಲಗೆಯ ಮೇಲೆ ಸಗಟು ಕಿರಾಣಿ ವ್ಯಾಪಾರಿಯ ಬಿಲ್ಲೊಂದನ್ನು ಬರೆದು ತೋರಿಸಿದೆ. ಮಾಲಿನ ದರ, ತೆರಿಗೆ ಇವನ್ನು ಯಾವ ತಂತ್ರಾಂಶವಾದರೂ ಹಿಡಿಯುತ್ತದೆ. ಆದರೆ ಹಮಾಲಿಯನ್ನು ಚೀಲಕ್ಕೆ ಇಷ್ಟೆಂದು ಸೇರಿಸಬೇಕು. ದಾರಿಯಲ್ಲಿ ಆದ ತೂಕದ ಕೊರತೆಯನ್ನು ಮುಂದಿನ ಬಿಲ್ಲಿನಲ್ಲಿ ವಜಾ ಮಾಡಬೇಕು. ಹಳೆಯ ಗಿರಾಕಿ ಕೊಟ್ಟ ಮುಂಗಡವನ್ನು ಯಾವ ಬಿಲ್ಲಿಗೆ ಜಮಾ ಹಿಡಿಯಬೇಕೆಂಬುದನ್ನು ಮಾಲೀಕರ ನೆನಪೇ ನಿರ್ಧರಿಸುತ್ತದೆ. ಉದ್ರಿಯ ಗಡುವು ಮೂವತ್ತು ದಿನವೂ ಅಲ್ಲ, ತಿಂಗಳ ಕೊನೆಯೂ ಅಲ್ಲ, ‘ಬರುವ ಅಮಾವಾಸ್ಯೆ’. ಬಿಲ್ಲಿನ ತಂತ್ರಾಂಶ ಬರೆಯುತ್ತಿದ್ದ ಯುವಕನೊಬ್ಬ ಎದ್ದು, ‘ಸರ್, ಅಮಾವಾಸ್ಯೆ ಯಾವ ಕಾಲಮ್ಮಿಗೆ ಬರುತ್ತದೆ?’ ಎಂದು ಗಂಭೀರವಾಗಿ ಕೇಳಿದ. ನಗು ತಣ್ಣಗಾದ ಮೇಲೆ ಅರ್ಧ ಗಂಟೆ ಅದರ ಮೇಲೆಯೇ ಚರ್ಚೆ ನಡೆಯಿತು.

ಅಂದು ನಾನು ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು. ಆಗ ನಮ್ಮ ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆಯ ಕಾಲ. ಸರಕು ಸಾಗಣೆಗೆ ‘ಇ-ಸುಗಮ್’ ಸಂಖ್ಯೆ ಪಡೆಯಬೇಕಾಗಿದ್ದುದು ಓದುಗರಿಗೆ ನೆನಪಿರಬಹುದು. ಖರೀದಿದಾರರ ಟಿನ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಲಾರಿ ನಿಲ್ಲುವ ಭಯ. ನಮ್ಮ ಗುಮಾಸ್ತರು ಪ್ರತಿಯೊಂದು ಸಂಖ್ಯೆಯನ್ನೂ ಕಣ್ಣಿನಿಂದಲೇ ತಾಳೆ ನೋಡುತ್ತಿದ್ದರು. ಇದನ್ನು ಹೇಳಿಕೊಂಡಾಗ ಅದೇ ಯುವಕ ತನ್ನ ಲ್ಯಾಪ್‌ಟಾಪ್ ತೆರೆದು, ಎಕ್ಸೆಲ್ ಹಾಳೆಯಲ್ಲಿ ಒಂದು ಸೂತ್ರ ಬರೆದು, ಹನ್ನೊಂದು ಅಂಕಿಗಳಿಲ್ಲದ, ಅಥವಾ ಕರ್ನಾಟಕದ್ದೆಂದು ಬರೆದಿದ್ದರೂ 29ರಿಂದ ಆರಂಭವಾಗದ ಸಂಖ್ಯೆಗಳೆಲ್ಲ ಕೆಂಪಾಗುವಂತೆ ಮಾಡಿ ತೋರಿಸಿದ. ಹತ್ತು ನಿಮಿಷದ ಕೆಲಸ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಸಂಖ್ಯೆ ಹದಿನೈದು ಅಕ್ಷರಗಳದ್ದಾಯಿತು. ಅದರ ಕೊನೆಯ ಅಕ್ಷರವು ಹಿಂದಿನ ಹದಿನಾಲ್ಕನ್ನು ತಾಳೆ ನೋಡಲೆಂದೇ ಇರುವಂಥದ್ದು. ಆ ಹಾಳೆಯನ್ನು ಸ್ವಲ್ಪ ಬದಲಿಸಿ ನಮ್ಮ ಕಚೇರಿಯಲ್ಲಿ ಈಗಲೂ ಬಳಸುತ್ತೇವೆ.

ನಷ್ಟವನ್ನು ಹೇಳಿಕೊಂಡವನು, ಹೇಳದೆ ಉಳಿದವರು

ಅಂದಿನ ಗೋಷ್ಠಿಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಒಂದೇ. ಸಣ್ಣ ಕಂಪನಿಯೊಂದರ ಗಣಕಯಂತ್ರಗಳ ಉಸ್ತುವಾರಿ ನೋಡುತ್ತಿದ್ದ ಮೂವತ್ತರ ಹರೆಯದ ವ್ಯಕ್ತಿ ಮಾತನಾಡಿದ. ಗಿರಾಕಿಗಳ ದತ್ತಾಂಶವನ್ನು ತಾನೇ ಕೈತಪ್ಪಿನಿಂದ ಅಳಿಸಿದ ಕಥೆ ಅದು. ಪ್ರತಿ ರಾತ್ರಿ ಬ್ಯಾಕಪ್ ತೆಗೆಯುವ ವ್ಯವಸ್ಥೆ ಇತ್ತು, ಯಶಸ್ವಿಯಾಗಿದೆ ಎಂಬ ಸಂದೇಶವೂ ದಿನವೂ ಬರುತ್ತಿತ್ತು. ಮರಳಿ ಪಡೆಯಲು ಹೋದಾಗ ಕಡತಗಳೆಲ್ಲ ಖಾಲಿ. ಎರಡು ವರ್ಷಗಳಲ್ಲಿ ಯಾರೂ ಒಮ್ಮೆಯೂ ಅವನ್ನು ತೆರೆದು ನೋಡಿರಲಿಲ್ಲ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಮಾಧ್ಯಮದಲ್ಲಿರಲಿ, ಒಂದಾದರೂ ಬೇರೆ ಜಾಗದಲ್ಲಿರಲಿ. ಇಷ್ಟೆಲ್ಲ ಇದ್ದರೂ ಆಗಾಗ ಮರಳಿ ಪಡೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬೇಡಿ ಎಂದು ಅವನು ಹೇಳಿದ. ಉಪಾಯಕ್ಕಿಂತ ಹೆಚ್ಚಾಗಿ ನನ್ನನ್ನು ಬೆರಗುಗೊಳಿಸಿದ್ದು ಅವನ ಧೈರ್ಯ. ಮೂವತ್ತು ಅಪರಿಚಿತರ ಎದುರು ಒಬ್ಬ ವ್ಯಕ್ತಿ ತನ್ನ ನಷ್ಟವನ್ನು, ಅದೂ ತನ್ನದೇ ತಪ್ಪಿನಿಂದಾದ ನಷ್ಟವನ್ನು, ಅಂಕಿ ಅಂಶಗಳ ಸಮೇತ ಬಿಚ್ಚಿಟ್ಟಿದ್ದ. ವ್ಯಾಪಾರದಲ್ಲಿ ನಷ್ಟವನ್ನು ಯಾರಾದರೂ ಹಾಗೆ ಹೇಳಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಯವ್ಯಯ ತಃಖ್ತೆಗೆ ಸಹಿ ಮಾಡುವ ನನಗೂ ಕೆಲವರು ಪೂರ್ತಿಯಾಗಿ ಹೇಳುವುದಿಲ್ಲ.

ಹುಬ್ಬಳ್ಳಿಗೆ ಮರಳಿದ ವಾರವೇ ನನ್ನ ಕಚೇರಿಯಲ್ಲಿ ಆ ಪದ್ಧತಿಯನ್ನು ಜಾರಿಗೆ ತಂದೆ. ಆದರೆ ಕಕ್ಷಿದಾರರಿಗೆ ಹೇಳಿದ್ದೇನು? ವರ್ಷದ ಕೊನೆಯಲ್ಲಿ ಕಳಿಸುವ ಪತ್ರದ ಅಡಿಯಲ್ಲಿ ‘ದತ್ತಾಂಶದ ಬ್ಯಾಕಪ್ ಇಟ್ಟುಕೊಳ್ಳತಕ್ಕದ್ದು’ ಎಂಬ ಒಂದು ಸಾಲು. ಅದನ್ನು ಯಾರೂ ಓದುವುದಿಲ್ಲವೆಂಬುದು ನನಗೂ ಗೊತ್ತಿತ್ತು.

2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಸುಲಿಗೆಯ ತಂತ್ರಾಂಶವು ಹಲವು ದೇಶಗಳ ಗಣಕಯಂತ್ರಗಳನ್ನು ಏಕಕಾಲಕ್ಕೆ ಕಟ್ಟಿಹಾಕಿದಾಗ ಅದು ದೊಡ್ಡ ಆಸ್ಪತ್ರೆ, ದೊಡ್ಡ ಕಾರ್ಖಾನೆಗಳ ಸಮಸ್ಯೆ ಎಂದುಕೊಂಡೆವು. 2019ರಲ್ಲಿ, ತೆರಿಗೆ ಪರಿಶೋಧನೆಯ ಹಂಗಾಮಿನಲ್ಲಿ, ನನ್ನ ಕಕ್ಷಿದಾರರೊಬ್ಬರು ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದರು. ಹದಿನಾಲ್ಕು ಕೆಲಸಗಾರರಿರುವ, ಪಂಪಿನ ಬಿಡಿಭಾಗಗಳನ್ನು ತಯಾರಿಸುವ ಘಟಕ ಅವರದು. ಗಣಕಯಂತ್ರದಲ್ಲಿದ್ದ ಕಡತಗಳ ಹೆಸರುಗಳೆಲ್ಲ ಬದಲಾಗಿದ್ದವು; ಬಿಟ್‌ಕಾಯಿನ್ ಕೊಟ್ಟರೆ ಬಿಡುಗಡೆ ಎಂಬ ಇಂಗ್ಲಿಷ್ ಒಕ್ಕಣೆಯೊಂದು ಪರದೆಯ ಮೇಲಿತ್ತು. ಬ್ಯಾಕಪ್ ಇತ್ತೇ? ಇತ್ತು. ಅದೇ ಯಂತ್ರಕ್ಕೆ ವರ್ಷವಿಡೀ ಚುಚ್ಚಿಟ್ಟ ಹಾರ್ಡ್ ಡಿಸ್ಕಿನಲ್ಲಿ. ಅದೂ ಜೊತೆಯಲ್ಲಿಯೇ ಬೀಗ ಹಾಕಿಸಿಕೊಂಡಿತ್ತು.

ಅವರು ಹಣ ಕೊಡಲಿಲ್ಲ. ಐದು ತಿಂಗಳ ಲೆಕ್ಕವನ್ನು ಕಾಗದದ ಬಿಲ್ಲುಗಳಿಂದ ಮತ್ತೆ ಕಟ್ಟಿದೆವು. ಖರೀದಿಯ ವಿವರ ಜಿಎಸ್‌ಟಿ ಪೋರ್ಟಲ್ಲಿನ 2ಎ ನಮೂನೆಯಲ್ಲಿ, ರವಾನೆಯ ವಿವರ ಇ-ವೇ ಬಿಲ್ಲುಗಳಲ್ಲಿ, ಹಣದ ವಿವರ ಬ್ಯಾಂಕಿನಲ್ಲಿ ಸಿಕ್ಕಿತು. ಆಪತ್ತಿನಲ್ಲಿ ಸರ್ಕಾರದ ಪೋರ್ಟಲ್ಲೂ ಒಂದು ಬ್ಯಾಕಪ್ ಎಂದು ಅಂದು ತಿಳಿಯಿತು. ಆದರೆ ಉದ್ರಿಯ ಬಾಕಿಗಳಲ್ಲಿ ಕೆಲವಕ್ಕೆ ದಾಖಲೆ ಉಳಿಯಲಿಲ್ಲ, ಕೊಡಬೇಕಾದವರಿಗೆ ನೆನಪೂ ಉಳಿಯಲಿಲ್ಲ. ಸಿಎನ್‌ಸಿ ಯಂತ್ರದ ಎರಡು ಪ್ರೋಗ್ರಾಮುಗಳು ಹೋದವು. ಉಳಿದಿದ್ದ ಮಾದರಿ ತುಣುಕನ್ನು ಅಳತೆ ಮಾಡಿ ಅವನ್ನು ಹೊಸದಾಗಿ ಬರೆಯಬೇಕಾಯಿತು.

ಒಂದು ಸಂಜೆ ಎಸ್ಟೇಟಿನ ಮೂಲೆಯ ಚಹಾದಂಗಡಿಯಲ್ಲಿ ನಿಂತಿದ್ದಾಗ, ಗೋಡೆಗೆ ಗೋಡೆ ಹತ್ತಿದ ಪಕ್ಕದ ಘಟಕದ ಮಾಲೀಕರು ನನ್ನ ಬಳಿ ಬಂದು ಸಣ್ಣ ದನಿಯಲ್ಲಿ ಹೇಳಿದರು: ‘ನಮ್ಮಲ್ಲೂ ಹೋದ ವರ್ಷ ಹಿಂಗ ಆಗಿತ್ರಿ ಸಾಹೇಬ್ರ. ಗಿರಾಕಿಗೆ ಗೊತ್ತಾದ್ರ ಡ್ರಾಯಿಂಗ್ ಕೊಡೂದು ನಿಲ್ಲಸ್ತಾರಂತ ಸುಮ್ನಿದ್ದೆ. ಡಿಸ್ಕ್ ಕಿತ್ತಿಡ್ರಿ ಅಂತ ಇವ್ರಿಗೆ ಒಂದ್ ಮಾತು ಹೇಳಬೇಕಿತ್ತು.’

ಅವರನ್ನು ದೂಷಿಸುವ ನೈತಿಕತೆ ನನಗಿರಲಿಲ್ಲ. ಏಕೆಂದರೆ ಬೇರೊಂದು ಊರಿನ ಮತ್ತೊಬ್ಬ ಕಕ್ಷಿದಾರರಿಗೆ ಇದೇ ಗತಿ ಒದಗಿದ್ದು ನನಗೆ ಎಂಟು ತಿಂಗಳ ಹಿಂದೆಯೇ ಗೊತ್ತಿತ್ತು. ಗೋಪ್ಯತೆಯ ಹೆಸರಿನಲ್ಲಿ ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಏನು ಹೇಳಬಹುದು, ಏನು ಹೇಳಬಾರದು

ಇಲ್ಲಿ ಕಾನೂನಿನ ಮಾತು ಸ್ವಲ್ಪ ಅಗತ್ಯ. ಲೆಕ್ಕ ಪರಿಶೋಧಕರ ಕಾಯ್ದೆ, 1949ರ ಎರಡನೆಯ ಅನುಸೂಚಿಯ ಮೊದಲ ಭಾಗದ ಮೊದಲ ಖಂಡವೇ, ಕಕ್ಷಿದಾರರ ಒಪ್ಪಿಗೆಯಿಲ್ಲದೆ ಅವರ ಮಾಹಿತಿಯನ್ನು ಹೊರಗೆಡಹುವುದನ್ನು ವೃತ್ತಿದೋಷವೆಂದು ಪರಿಗಣಿಸುತ್ತದೆ. ಅದು ಇರಲೇಬೇಕಾದ ಕಟ್ಟಳೆ. ಆದರೆ ‘ಹಾರ್ಡ್ ಡಿಸ್ಕನ್ನು ಕೆಲಸ ಮುಗಿದ ಮೇಲೆ ಕಿತ್ತಿಡಿ’ ಎಂಬುದು ಯಾರ ಗುಟ್ಟೂ ಅಲ್ಲ. ಹೆಸರನ್ನೂ ಗುರುತನ್ನೂ ಬಿಟ್ಟು ಪಾಠವನ್ನಷ್ಟೇ ಹೇಳಲು ನನಗೆ ಅಡ್ಡಿ ಇರಲಿಲ್ಲ. ಸೋಮಾರಿತನಕ್ಕೆ ನಾನು ಕಟ್ಟಳೆಯ ಹೊದಿಕೆ ಹೊದಿಸಿದ್ದೆ. ಲಂಡನ್ನಿನ ಚ್ಯಾಥಮ್ ಹೌಸ್ ಸಂಸ್ಥೆಯಲ್ಲಿ 1927ರಿಂದ ಒಂದು ನಿಯಮವಿದೆ: ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಬಳಸಬಹುದು, ಹೇಳಿದವರು ಯಾರೆಂಬುದನ್ನು ಮಾತ್ರ ಹೇಳಬಾರದು. ವ್ಯಾಪಾರಿಗಳ ಕೂಟಕ್ಕೆ ಇದು ಬಾರ್‌ಕ್ಯಾಂಪ್‌ನ ಪೂರ್ಣ ಬಹಿರಂಗಕ್ಕಿಂತ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಎರಡು ವಿಷಯಗಳಲ್ಲಿ ಮಾತ್ರ ನಾಲಿಗೆ ಬಿಗಿಹಿಡಿಯುವುದು ಅನಿವಾರ್ಯ. ಒಂದೇ ಸರಕಿನ ಪ್ರತಿಸ್ಪರ್ಧಿಗಳು ಒಂದೆಡೆ ಸೇರಿ ದರ, ಉತ್ಪಾದನೆಯ ಪ್ರಮಾಣ, ಗಿರಾಕಿಗಳ ಹಂಚಿಕೆ, ಟೆಂಡರಿನ ಮೊತ್ತ ಇವುಗಳ ಬಗ್ಗೆ ಒಪ್ಪಂದಕ್ಕೆ ಬಂದರೆ ಅದು ಸ್ಪರ್ಧಾ ಕಾಯ್ದೆ, 2002ರ 3ನೇ ಕಲಮಿನ ಉಲ್ಲಂಘನೆ. ಒಪ್ಪಂದ ಲಿಖಿತವಾಗಿಯೇ ಇರಬೇಕೆಂದಿಲ್ಲ. ಚಹಾದ ಬಟ್ಟಲ ಸಾಕ್ಷಿಯಲ್ಲಾದ ತಿಳುವಳಿಕೆಯೂ ಸಾಕು. ವ್ಯಾಪಾರಿ ಸಂಘಗಳಿಗೂ ಇದರಿಂದ ವಿನಾಯಿತಿ ಇಲ್ಲ. ಎರಡನೆಯದಾಗಿ, ಹೊಸ ಉಪಕರಣ ಅಥವಾ ಹೊಸ ವಿನ್ಯಾಸ ರೂಪಿಸಿದವರು ಉತ್ಸಾಹದಿಂದ ಅದನ್ನು ಹತ್ತು ಜನರ ಮುಂದೆ ಬಿಡಿಸಿ ತೋರಿಸಿದರೆ, ಪೇಟೆಂಟಿಗೆ ಬೇಕಾದ ನಾವೀನ್ಯವು ಅಲ್ಲಿಗೇ ಕೈತಪ್ಪಬಹುದು. ವಿನ್ಯಾಸ ಕಾಯ್ದೆ, 2000ರ ಅಡಿಯ ನೋಂದಣಿಗೂ ಇದೇ ಆತಂಕ. ಸರ್ಕಾರವು ಅಧಿಸೂಚಿಸಿದ ಪ್ರದರ್ಶನಗಳಿಗೆ ಪೇಟೆಂಟ್ ಕಾಯ್ದೆಯ 31ನೇ ಕಲಮು ಹನ್ನೆರಡು ತಿಂಗಳ ರಕ್ಷಣೆ ನೀಡುತ್ತದೆ. ಖಾಸಗಿ ಕೂಟಕ್ಕೆ ಅದನ್ನು ನಂಬಿಕೊಳ್ಳುವಂತಿಲ್ಲ. ಮೊದಲು ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಸಲ್ಲಿಸಿ, ಆಮೇಲೆ ತೋರಿಸುವುದು ಕ್ಷೇಮ. ಪೂರ್ಣ ವಿವರಣೆ ಸಲ್ಲಿಸಲು ಹನ್ನೆರಡು ತಿಂಗಳ ಅವಕಾಶವಿರುತ್ತದೆ.

ಇವೆರಡನ್ನು ಬಿಟ್ಟರೆ ಉಳಿದದ್ದು ಬಹಳವಿದೆ. ದತ್ತಾಂಶದ ವಿಷಯವನ್ನೇ ತೆಗೆದುಕೊಂಡರೆ, ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳವರೆಗೆ ಕಾಪಾಡಬೇಕು. ಕಂಪನಿಯಾಗಿ ನೋಂದಾಯಿತರಾದವರು 2022ರ ತಿದ್ದುಪಡಿಯ ನಂತರ ಗಣಕೀಕೃತ ಲೆಕ್ಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ದಿನನಿತ್ಯ ಇಡಬೇಕು. ‘ವೈರಸ್ ತಿಂದಿತು’ ಎಂಬ ಸಮಜಾಯಿಷಿ ಅಧಿಕಾರಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಓದುಗರೇ ಊಹಿಸಬಹುದು.

ನಮ್ಮ ಭಾನುವಾರ

2023ರ ಜನವರಿಯ ಒಂದು ಭಾನುವಾರ, ಆ ಪಂಪಿನ ಬಿಡಿಭಾಗಗಳ ಕಾರ್ಖಾನೆಯ ಶೆಡ್ಡಿನಲ್ಲಿಯೇ ನಾವು ಸೇರಿದೆವು. ಬ್ಯಾನರು ಇಲ್ಲ, ಹಾರ ಇಲ್ಲ. ಜಾಗ ಅವರದು, ಚಹಾ ಮತ್ತು ಮಂಡಕ್ಕಿ ಮಿರ್ಚಿ ಇನ್ನೊಬ್ಬರದು. ಯಾರಿಂದಲೂ ಹಣ ಸಂಗ್ರಹಿಸಲಿಲ್ಲವಾದ್ದರಿಂದ ರಸೀದಿ, ಜಿಎಸ್‌ಟಿ, ಖಾತೆ ಯಾವುದರ ತೊಡಕೂ ಇರಲಿಲ್ಲ. ಬಾರ್‌ಕ್ಯಾಂಪ್‌ಗಳಲ್ಲಿಯೂ ಜಾಗ, ಊಟಗಳನ್ನು ಯಾರಾದರೊಬ್ಬರು ಹೀಗೆಯೇ ವಹಿಸಿಕೊಳ್ಳುತ್ತಾರೆ. ಬಂದವರು ಹತ್ತೊಂಬತ್ತು ಮಂದಿ. ಕರಿಹಲಗೆಯ ಮೇಲೆ ಶೆಡ್ಡಿನ ಮೂರು ಮೂಲೆ, ನಾಲ್ಕು ವೇಳೆ ಎಂದು ಹನ್ನೆರಡು ಮನೆ ಬರೆದಿದ್ದೆ. ತುಂಬಿದ್ದು ಏಳು.

ಮೊದಲ ಅರ್ಧ ಗಂಟೆ ಯಾರೂ ಚಾಕ್‌ಪೀಸಿಗೆ ಕೈ ಹಾಕಲಿಲ್ಲ. ಹಿರಿಯ ವ್ಯಾಪಾರಿಯೊಬ್ಬರು ‘ಅಧ್ಯಕ್ಷತೆ ಯಾರದ್ರಿ?’ ಎಂದು ಎರಡು ಸಲ ಕೇಳಿದರು. ಅಧ್ಯಕ್ಷರಿಲ್ಲ ಎಂದಾಗ, ಹಾಗಾದರೆ ತಾವೇ ಆಗಬಹುದೆಂದು ಸಿದ್ಧರಾದರು. ಅವರನ್ನು ಒಪ್ಪಿಸಿ ಕೂರಿಸಲು ಹತ್ತು ನಿಮಿಷ ಹಿಡಿಯಿತು. ಮಾಲೀಕರ ಮುಂದೆ ಕೆಲಸಗಾರರು ಬಾಯಿ ಬಿಡುವರೇ ಎಂಬ ಸಂಶಯ ನನಗಿತ್ತು. ಐಟಿಐ ಓದಿದ ಲೇತ್ ಆಪರೇಟರೊಬ್ಬ ಮೊದಲು ಎದ್ದು ‘ಕೂಲಂಟ್ ನಾರೂದು ಯಾಕ’ ಎಂದು ಬರೆದ. ಅವನ ಮೂಲೆಯಲ್ಲಿ ಐವರು ಮಾಲೀಕರು ಕುಳಿತು ಟಿಪ್ಪಣಿ ಮಾಡಿಕೊಂಡರು. ಇನ್ನೊಬ್ಬರು ವಿದ್ಯುತ್ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರಿನ ದಂಡ ಬೀಳದಂತೆ ಕೆಪಾಸಿಟರ್ ಹಾಕಿಸಿದ ಬಗೆಯನ್ನು ತಮ್ಮ ಹಳೆಯ, ಹೊಸ ಬಿಲ್ಲುಗಳ ಸಮೇತ ತೋರಿಸಿದರು. ನಾನು ಸಣ್ಣ ಕೈಗಾರಿಕೆಗಳಿಗೆ ತಡವಾಗಿ ಬರುವ ಪಾವತಿಯ ಬಗ್ಗೆ, 45 ದಿನಗಳ ಮಿತಿ ಮತ್ತು ‘ಸಮಾಧಾನ್’ ಪೋರ್ಟಲ್ ಬಗ್ಗೆ ಮಾತನಾಡಿದೆ. ಹತ್ತನೆಯ ನಿಮಿಷಕ್ಕೆ ನನ್ನ ಎದುರಿನಿಂದ ಮೂವರು ಎದ್ದು ಕೂಲಂಟ್ ಕಡೆಗೆ ಹೋದರು. ಎರಡು ಕಾಲುಗಳ ನಿಯಮವನ್ನು ಬೆಳಿಗ್ಗೆ ಅವರಿಗೆ ವಿವರಿಸಿದವನು ನಾನೇ ಆದ್ದರಿಂದ ಏನೂ ಅನ್ನುವಂತಿರಲಿಲ್ಲ.

ಚಹಾ ಮುಗಿದ ಮೇಲೆ ಪಕ್ಕದ ಘಟಕದ ಮಾಲೀಕರು ಹಲಗೆಯ ಬಳಿ ಹೋದರು. ಬಹಳ ಹೊತ್ತು ಚಾಕ್‌ಪೀಸು ಹಿಡಿದು ನಿಂತು, ಕೊನೆಯ ಮನೆಯಲ್ಲಿ ‘ನನ್ನ ಕಂಪ್ಯೂಟರ್ ಹೋದ ದಿವ್ಸ’ ಎಂದು ಬರೆದರು. ಉಳಿದ ಮೂಲೆಗಳೆಲ್ಲ ತಾವಾಗಿಯೇ ಖಾಲಿಯಾದವು. ಯಾವ ಮಿಂಚಂಚೆಯ ಲಗತ್ತನ್ನು ತೆರೆದದ್ದು, ಎಷ್ಟು ದಿನ ಕೆಲಸ ನಿಂತದ್ದು, ಗಿರಾಕಿಗೆ ಏನು ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದರು. ನನ್ನ ಕಕ್ಷಿದಾರರು ಅವರ ಎದುರಿಗೇ ಕುಳಿತಿದ್ದರು. ಮಾತು ಮುಗಿದ ಮೇಲೆ ‘ಆವಾಗ ಹೇಳಿದ್ರ ಛಲೋ ಇತ್ತಲ್ರಿ ಅಣ್ಣಾರ’ ಎಂದಷ್ಟೇ ಅಂದು, ಅವರಿಗೆ ಇನ್ನೊಂದು ಕಪ್ಪು ಚಹಾ ತರಿಸಿದರು.

ಮುಂದಿನ ಭಾನುವಾರ ನಾಲ್ವರು ತಮ್ಮ ತಮ್ಮ ಬ್ಯಾಕಪ್ ಡಿಸ್ಕುಗಳನ್ನು ತಂದು, ಬಳಕೆಯಲ್ಲಿಲ್ಲದ ಒಂದು ಗಣಕಯಂತ್ರದ ಮೇಲೆ ದತ್ತಾಂಶವನ್ನು ಮರಳಿ ಪಡೆದು ನೋಡುವುದೆಂದು ಗೊತ್ತಾಯಿತು. ಮೂರು ತೆರೆದುಕೊಂಡವು. ನಾಲ್ಕನೆಯದು ಎಷ್ಟು ಪ್ರಯತ್ನಿಸಿದರೂ ತೆರೆಯಲಿಲ್ಲ. ಅದು ನನ್ನ ಕಚೇರಿಯದು. ಕೊನೆಯ ಸಲ ಪರೀಕ್ಷಿಸಿ ನೋಡಿದ್ದು ಕೋವಿಡ್‌ಗಿಂತ ಮೊದಲು ಎಂದು ಅಲ್ಲಿದ್ದವರ ಮುಂದೆ ಒಪ್ಪಿಕೊಂಡೆ. ಸೋಮವಾರ ಬೆಳಿಗ್ಗೆ ಎರಡು ಹೊಸ ಡಿಸ್ಕುಗಳನ್ನು ತರಿಸಿದೆ. ಒಂದು ಕಚೇರಿಯಲ್ಲಿದೆ, ಇನ್ನೊಂದು ಮನೆಯ ಕಪಾಟಿನಲ್ಲಿದೆ.